ಹಿತ್ತಲ ಒಲೆಯ ಉಪ್ಪು

ನವೆಂಬರ್ 4, ಸೋಮವಾರ

ವಿದ್ಯುತ್ ಕೇಂದ್ರದ ರಾತ್ರಿ ಪಾಳಿ ಮುಗಿಸಿ ಬಂದೆ. ಅಂಬಿಕಾನಗರದ ತುಂಬ ಮಂಜು. ಅವ್ವನ ಲಿಂಗಪೂಜೆ ಮುಗಿದಿತ್ತು. ಮಾಯಾ ಎದ್ದು ಕೂತಿದ್ದಳು, ಎದುರಿಗೆ ಗಂಜಿಯ ಬಟ್ಟಲು. "ಎರಡು ಚಮಚ ತಗೊಂಡೇನ್ರಿ" ಅಂದಳು. ಸುಳ್ಳು. ಚಮಚ ಒಣಗಿತ್ತು.

ಹುಬ್ಬಳ್ಳಿ ಡಾಕ್ಟರು ಹೇಳಿದ್ದು ಒಂದೇ ಮಾತು. ಕರುಳಿನ ಮೊದಲ ಆಪರೇಷನ್ ಆಯಿತು, ಎರಡನೆಯದು ಆಗಲೇಬೇಕು, ಆದರೆ ಹಿಮೋಗ್ಲೋಬಿನ್ ಹತ್ತು ದಾಟದೆ ಮುಟ್ಟುವುದಿಲ್ಲ. ಈಗ ಎಂಟೂ ಇಲ್ಲ. ಮೊಟ್ಟೆ, ಮಾಂಸ ಅಭ್ಯಾಸವಿದ್ದರೆ ಕೊಡಿ ಅಂದರು. ಮಾಯಾ ನೆಲ ನೋಡಿದಳು.

ಅಭ್ಯಾಸ ಇತ್ತು. ತಾಂಡಾದ ಹುಡುಗಿ. ನಮ್ಮ ಲಿಂಗಾಯತರ ಮನೆಗೆ ಬಂದ ದಿನದಿಂದ ಮುಟ್ಟಿಲ್ಲ. ತಿನ್ನಬೇಡ ಅಂತ ಯಾರೂ ಅಂದಿರಲಿಲ್ಲ. ತಿನ್ನು ಅಂತಲೂ ಯಾರೂ ಅಂದಿರಲಿಲ್ಲ.

ನವೆಂಬರ್ 6, ಬುಧವಾರ

ಅವ್ವನನ್ನು ಕೇಳಿಯೇಬಿಟ್ಟೆ. ವಿಭೂತಿ ಗಟ್ಟಿ ತಿರುವುತ್ತಿದ್ದವಳು ಅದನ್ನು ಕೆಳಗಿಟ್ಟಳು. "ಒಳಗಿನ ಒಲಿ ಬ್ಯಾಡ. ಹಿತ್ತಲದಾಗ ಕಲ್ಲು ಹೂಡು. ಅಕಿ ಉಣ್ಣಬೇಕು, ಅಷ್ಟ."

ದಾಂಡೇಲಿಗೆ ಹೋಗಿ ಬ್ರಾಯ್ಲರ್ ತಂದೆ. ಬೋನ್‌ಲೆಸ್ — ಮೂಳೆ ನೋಡುವ ಧೈರ್ಯ ಇರಲಿಲ್ಲ. ಯೂಟ್ಯೂಬ್ ನೋಡಿ ಬೇಯಿಸಿದೆ. ಮಾಯಾ ಒಂದು ತುಂಡು ಬಾಯಿಗಿಟ್ಟು ಅಗಿದಳು, ಅಗಿದಳು... ಎದ್ದು ಹೋಗಿ ಉಗುಳಿದಳು.

"ಸಿಟ್ಟಾಗಬ್ಯಾಡ್ರಿ. ಹತ್ತಿ ಅಗದಂಗ ಆಗ್ತೈತಿ."

ಸಿಟ್ಟು ಬಂದಿತ್ತು. ಅವಳ ಮೇಲಲ್ಲ. ಪಾತ್ರೆ ತಿಕ್ಕುವಾಗ ಇಳಿಯಿತು.

ಮಲಗುವಾಗ ಮೆಲ್ಲಗೆ ಅಂದಳು, "ನಮ್ಮವ್ವನ ಕೋಳಿ ಆಗಿದ್ರ ತಿಂತಿದ್ನೇನೋ. ಹೊಲದಾಗ ಓಡ್ಯಾಡಿದ್ದು." ಮದುವೆಯಾದಾಗಿನಿಂದ ಇಂಥದು ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ನವೆಂಬರ್ 10, ಭಾನುವಾರ. ತಾಂಡಾದಲ್ಲಿ

ಯಲ್ಲಾಪುರದ ಮೇಲೆ ಮುಂಡಗೋಡ, ಅಲ್ಲಿಂದ ಅತ್ತಿವೇರಿ ಕಡೆ. ಬೈಕಿನಲ್ಲಿ ಸೊಂಟ ಹಿಡಿಯಿತು. ಮಧ್ಯಾಹ್ನ ಮುಟ್ಟಿದೆ. ಅತ್ತೆ ದ್ವಾರಕಾಬಾಯಿ ಬಾಗಿಲಲ್ಲೇ ಮಗಳ ಸುದ್ದಿ ಕೇಳಿದರು. ಕೋಳಿ ಬೇಕು ಅಂದೆ. ಅಂಗಳದಲ್ಲಿ ಒಂದೂ ಇಲ್ಲ, ಎಲ್ಲ ಗೋವಿನಜೋಳ ಮುರಿದ ಹೊಲದಲ್ಲಿ. ನಾನೇ ಹಿಡಿಯಲು ಹೋದೆ. ಪ್ಯಾಂಟಿನ ತುಂಬ ಉತ್ರಾಣಿ ಮುಳ್ಳು, ಕೈಯಲ್ಲಿ ಒಂದು ಪುಕ್ಕವೂ ಇಲ್ಲ. ಮಾಯಾಳ ತಮ್ಮ ಪರಶುರಾಮ ಬದುವಿನ ಮೇಲೆ ಕೂತು ನಗುತ್ತಿದ್ದ.

"ಮಟಮಟ ಮಧ್ಯಾಹ್ನದಾಗ ಯಾರರ ಕೋಳಿ ಹಿಡಿತಾರೇನ್ರಿ?" ಅಂದರು ಅತ್ತೆ. "ಕುಂದರ್ರಿ. ಹೊತ್ತು ಮುಳುಗಿದ್ರ ತಾವ ಮನಿಗೆ ಬರ್ತಾವ."

ಕೂತೆ. ಸಂಜೆ ಕೆರೆ ದಂಡೆಯಿಂದ ಆಡುಗಳು ಬಂದವು. ಹಿಂದೆಯೇ ಕೋಳಿಗಳು, ಒಂದೊಂದಾಗಿ. ಆರಿಸಿದ್ದು ಅತ್ತೆ. ಕಪ್ಪು ಹೇಂಟೆ ಬೇಡ, ಅದಕ್ಕೆ ಮರಿಗಳಿವೆ. ಕೆಂಪು ಹುಂಜ ಬೇಡ, ಮುದಿ, ಬೇಯುವುದಿಲ್ಲ. ಕಡೆಗೆ ಒಂದು ಬೂದು ಬಣ್ಣದ ಎಳೆ ಹುಂಜ. ಕಾಲು ಹಿಡಿದು ತೋರಿಸಿದರು. ಉಗುರು ಸವೆದಿತ್ತು.

"ನಡದ ಕಾಲು ನೋಡ್ರಿ. ಹುಳ, ಹುಲ್ಲು, ಕಾಳು, ತನಗ ಬೇಕಾದ್ದು ತಿಂದೈತಿ. ಮಾಯಾಗ ಇದ ಸೇರತೈತಿ."

ಅದರ ಕಣ್ಣು ನೋಡಬಾರದಿತ್ತು. ನೋಡಿದೆ. ಪಾಪ ಅನ್ನಿಸಿತು. ಮಾಯಾಳ ಬಳೆ ಮೊಣಕೈವರೆಗೆ ಜಾರುವುದು ನೆನಪಾಯಿತು.

ನವೆಂಬರ್ 11, ಸೋಮವಾರ

ನಸುಕಿನಲ್ಲಿ ಪರಶುರಾಮ ಕೊಯ್ದು, ಸ್ವಚ್ಛ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಟ್ಟ. ಅಷ್ಟು ಹೊತ್ತೂ ನಾನು ಕೆರೆ ಕಡೆ ಮುಖ ಮಾಡಿ ಹಕ್ಕಿ ನೋಡುತ್ತಿದ್ದೆ. ಬಿಸಿಲೇರುವ ಮೊದಲು ಮನೆ.

ಹಿತ್ತಲಲ್ಲಿ ಒಲೆ ಹೊತ್ತಿಸಿದೆ. ಅತ್ತೆ ಫೋನಿನಲ್ಲಿ ಹೇಳುತ್ತ ಹೋದರು, ನಾನು ಹಾಕುತ್ತ ಹೋದೆ. "ಈಗ ಉಪ್ಪು ನೋಡ್ರಿ" ಅಂದರು. ಅಲ್ಲಿ ಸಿಕ್ಕಿಬಿದ್ದೆ. ನಾನು ಹೇಗೆ ನೋಡಲಿ? ಕಿಟಕಿಯಲ್ಲಿದ್ದ ಅವ್ವನ ಕಡೆ ತಿರುಗಿದೆ. ಅವ್ವ ಕಿಟಕಿ ಮುಚ್ಚಿದಳು.

ಚಮಚದಲ್ಲಿ ಸಾರು ತಗೊಂಡು, ಊದುತ್ತ, ಮಾಯಾಳ ಹಾಸಿಗೆಗೆ ಓಡಿದೆ.

"ಉಣ್ಣಬ್ಯಾಡ. ಉಪ್ಪಷ್ಟ ನೋಡಿ ಹೇಳು."

ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. "ಕಡಿಮಿ ಐತ್ರಿ."

ಹಾಕಿದೆ, ಮತ್ತೆ ತಂದೆ. "ಇನ್ನೊಂದ ಚೂರು." ಮತ್ತೆ ಓಡಿದೆ. ಹೀಗೇ ಐದಾರು ಚಮಚ ಹೊಟ್ಟೆಗೆ ಹೋಯಿತು. ಉಣ್ಣು ಅಂದಿದ್ದರೆ ಮುಖ ತಿರುಗಿಸುತ್ತಿದ್ದಳು. ಆಮೇಲೆ ಅನ್ನಕ್ಕೆ ಕಲಸಿಕೊಂಡು ಅರ್ಧ ಬಟ್ಟಲು ಉಂಡಳು.

ಉಪಾಯ ಹೊಳೆದಿದೆ. ಇನ್ನು ಮೇಲೆ ಉಪ್ಪು ಬೇಕಂತಲೇ ಕಡಿಮೆ ಹಾಕುವುದು.

ನವೆಂಬರ್ 21, ಗುರುವಾರ

ಉಪಾಯ ನಡೆದಿದೆ. ರಜೆ ಸಿಕ್ಕರೆ ತಾಂಡಾ, ಇಲ್ಲದಿದ್ದರೆ ಪರಶುರಾಮ ಯಲ್ಲಾಪುರದವರೆಗೆ ಡಬ್ಬಿ ತರುತ್ತಾನೆ. ಈ ವಾರ ಆಡಿನ ಕಾಲಿನ ಸೂಪು. ಕೆರೆ ದಂಡೆಯ ಹುಲ್ಲು ಮೇಯ್ದ ಆಡು. ಚಿಟಿಕೆ ಉಪ್ಪು ಹಾಕಿ ಒಯ್ಯುತ್ತೇನೆ. "ಕಡಿಮಿ." ಮತ್ತೊಂದು ಚಿಟಿಕೆ. "ಇನ್ನೂ ಕಡಿಮಿ." ಇವಳು ಒಂದು ಸಲವೂ ಸಂಶಯಪಟ್ಟಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೇನೆ.

ಕಂಟ್ರೋಲ್ ರೂಮಿನಲ್ಲಿ ಸಹೋದ್ಯೋಗಿ ಸಚಿನ ಮನೆಬಾಗಿಲಿಗೆ ಬರುವ ಫ್ರೋಜನ್ ಚಿಕನ್ ಹೊಗಳುತ್ತಿದ್ದ. ಅದರ ಕಾಲು ನೋಡಿದ್ದೀಯಾ ಅಂತ ಕೇಳಿದೆ. ನಡೆದದ್ದೋ ಕೂತದ್ದೋ, ಏನು ತಿಂದದ್ದು, ಯಾರ ಅಂಗಳದ್ದು... ಜನ್ಮದಲ್ಲಿ ಮಾಂಸ ಬಾಯಿಗಿಡದವನು ಅರ್ಧ ತಾಸು ಭಾಷಣ ಬಿಗಿದೆ. ಪಾಪ, ಸಚಿನ ಚಹಾ ಆರಿಸಿಕೊಂಡು ಕೇಳಿದ.

ಇವತ್ತು ಅವ್ವ ಕೊಬ್ಬರಿ, ಮೆಣಸಿನಕಾಯಿ ಹುರಿದು ಅರೆದು ಕಿಟಕಿಯಿಂದ ಕೊಟ್ಟಳು. "ಮಸಾಲಿಗೇನ ಮೈಲಿಗಿ? ನಿನ್ನ ಪಾಕೀಟಿನ ಪುಡಿ ವಾಸನಿ ತಡಕೊಳ್ಳಾಕ ಆಗೂದಿಲ್ಲ." ಅವ್ವನ ಮೇಲೆ ಬಹಳ ಪ್ರೀತಿ ಬಂತು. ಬಟ್ಟಲು ತಗೊಂಡೆ.

ಡಿಸೆಂಬರ್ 8, ಭಾನುವಾರ

ಮಗಳನ್ನು ನೋಡಲು ಅತ್ತೆ ಬಂದರು. ನೇರ ಹಿತ್ತಲಿಗೆ. ನನ್ನ ಕೈಯಿಂದ ಚಮಚ ಕಸಿದು ಸಾರು ಬಾಯಿಗಿಟ್ಟರು. ಮುಖ ಹಿಂಡಿಕೊಂಡಿತು. ಕರಿಬೇವಿನ ಗಿಡದ ಬುಡಕ್ಕೆ ಉಗುಳಿದರು.

"ಅಳಿಯಂದ್ರ, ಕಾರವಾರದ ಸಮುದ್ರದ ನೀರು ತಂದೀರೇನ್ರಿ?"

ಮಾಯಾ ಕಡಿಮಿ ಅಂದಾಗೆಲ್ಲ ಚಿಟಿಕೆ ಚಿಟಿಕೆ ಹಾಕಿದ್ದು ಅಂದೆ. ಕಿಟಕಿಯಿಂದ ಅವ್ವ ಅಂದಳು, "ಮಸಾಲಿ ಅರಿವಾಗ ನಾನೂ ಹಾಕತೇನಿ. ಇಂವ ಕಡಿಮಿ ಹಾಕೂದು ನೋಡೇನಿ. ರುಚಿ ನೋಡಾಕ ಬರಲಾರದಂವ, ತಿಳಿದಿರಲಿಕ್ಕಿಲ್ಲ ಅಂದಕೊಂಡೆ."

ಎಲ್ಲರೂ ಮಾಯಾಳ ಕೋಣೆಗೆ ಹೋದೆವು. "ಇಷ್ಟ ದಿನ ಕಡಿಮಿ ಕಡಿಮಿ ಅಂದೀಯಂತ. ನಿನ್ನ ನಾಲಿಗಿಗೇನ ಆಗೈತಿ?" ಅಂದರು ಅತ್ತೆ.

ಮಾಯಾ ಹೊದಿಕೆ ಮುಖಕ್ಕೆ ಎಳೆದುಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಹೊಟ್ಟೆಯ ಹೊಲಿಗೆ ಹಿಡಿದುಕೊಂಡಳು.

"ಸರಿ ಐತಿ ಅಂದ್ರ ಇವರು ಬರೂದು ನಿಂತಬಿಡತಿತ್ತು."

ಆಮೇಲೆ ಅವ್ವ "ಬರ್ರಿ, ಚಾ ಮಾಡೂಣು" ಅಂತ ಅತ್ತೆಯನ್ನು ಕರೆದುಕೊಂಡು ಹೋದಳು. ಅತ್ತೆ ನಮ್ಮ ಅಡಿಗೆಮನೆಗೆ ಕಾಲಿಟ್ಟದ್ದು ಇದೇ ಮೊದಲು. ನಾನು ಖಾಲಿ ಚಮಚ ಹಿಡಿದು ಅಲ್ಲೇ ನಿಂತಿದ್ದೆ. ನಾಚಿಕೆಯಾಯಿತು. ಬಹಳ ಸುಖವೂ ಆಯಿತು.

ಡಿಸೆಂಬರ್ 12, ಗುರುವಾರ

ರಕ್ತ: ಹತ್ತು ಪಾಯಿಂಟ್ ಎರಡು. ಗುಳಿಗೆ, ಇಂಜೆಕ್ಷನ್‌ಗಳ ಪಾಲೂ ಇದೆ ಅಂತ ಡಾಕ್ಟರು ನೆನಪಿಸಿದರು. ಇರಲಿ. ಹದಿನೇಳಕ್ಕೆ ಆಪರೇಷನ್.

ಡಿಸೆಂಬರ್ 17, ಬೆಳಿಗ್ಗೆ 7. ಹುಬ್ಬಳ್ಳಿ

ಹೊಟ್ಟೆಗೆ ಏನೂ ಕೊಡುವಂತಿಲ್ಲ. ನನಗೆ ಕೆಲಸವಿಲ್ಲ. ಸ್ಟ್ರೆಚರಿನಿಂದ ನನ್ನ ಬೆರಳು ಹಿಡಿದಳು. ಅಷ್ಟರಲ್ಲಿ ತಳ್ಳಿಕೊಂಡು ಹೋದರು. ಹೆದರಿಕೆ.

ಜನವರಿ 19, ಭಾನುವಾರ

ತಿಂಗಳ ಮೇಲಾಯಿತು, ಪೆನ್ನು ಹಿಡಿದಿಲ್ಲ. ಪುರುಸೊತ್ತು ಎಲ್ಲಿತ್ತು.

ಎಲ್ಲ ತಿನ್ನಬಹುದು ಅಂತ ಡಾಕ್ಟರು ಹೇಳಿದ ಮೇಲೆ ಇವತ್ತೇ ಮೊದಲು ಹಿತ್ತಲ ಒಲೆ. ಮಾಯಾ ತಾನೇ ನಡೆದು ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಾಳೆ. ಅತ್ತೆ ಆರಿಸಿ ಕಳಿಸಿದ ಹುಂಜ. ಮಸಾಲೆಗೆ ಉಪ್ಪು ಹಾಕಿಲ್ಲ ಅಂತ ಅವ್ವ ಆಣೆ ಮಾಡಿದ್ದಾಳೆ. ನಾನು ಅತ್ತೆ ಹೇಳಿದಷ್ಟನ್ನೇ ಅಳೆದು ಹಾಕಿದೆ. ತಪ್ಪುವ ಮಾತೇ ಇಲ್ಲ.

ಆದರೂ ಒಂದು ಚಮಚ ಒಯ್ದೆ.

ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ತೆರೆದು ನನ್ನನ್ನೇ ನೋಡಿದಳು.

"ಕಡಿಮಿ ಐತ್ರಿ."

ಒಲೆಯ ಹತ್ತಿರ ಬಂದಿದ್ದೇನೆ. ಉಪ್ಪಿನ ಡಬ್ಬಿ ಮುಟ್ಟಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಯ್ಯಬೇಕು, ಅಲ್ಲಿಯವರೆಗೆ ಇದನ್ನು ಬರೆಯುತ್ತ... ಕರೆಯುತ್ತಿದ್ದಾಳೆ. ಎಷ್ಟ ಹೊತ್ತ್ರಿ ಅಂತ —