ಅನಾನಸ್ ಅಳಿಸಿದ ಹೆಬ್ಬೆಟ್ಟು

ವಲಸೆ ಬಂದವರ ಗುರುತಿನ ಕಾರ್ಡುಗಳಿಗೆ ಕಡೆಯ ಸಹಿ ಹಾಕುವ, ಆದರೆ ಯಾವ ಕಿಟಕಿಯಲ್ಲೂ ಮುಖ ತೋರಿಸದ ಮಾನ್ಯ ಹಿರಿಯ ಅಧಿಕಾರಿಗಳೇ,

ನಾನು ನಾನಲ್ಲ ಎಂದು ನಿಮ್ಮ ಕಚೇರಿ ಕಳೆದ ಮಂಗಳವಾರ ತೀರ್ಮಾನಿಸಿದೆ. ತೀರ್ಮಾನ ಕೊಟ್ಟದ್ದು ನಿಮ್ಮ ಸಿಬ್ಬಂದಿಯಲ್ಲ, ನಾಲ್ಕನೇ ಕಿಟಕಿಯ ಮೇಜಿನ ಮೇಲಿರುವ, ಸೋಪಿನ ಡಬ್ಬಿಯಷ್ಟು ದೊಡ್ಡದಾದ ಬೆರಳಚ್ಚಿನ ಯಂತ್ರ. ಮೇ ಮೂವತ್ತರೊಳಗೆ ನಾನು ನಾನೇ ಎಂದು ಅದು ಒಪ್ಪದಿದ್ದರೆ ನನ್ನ ಕಾರ್ಡು ನವೀಕರಣವಾಗುವುದಿಲ್ಲ. ಕಾರ್ಡಿಲ್ಲದಿದ್ದರೆ, ಡರ್ಬನ್ನಿನ ಮಾರುಕಟ್ಟೆ ಸೇತುವೆಯ ಕೆಳಗೆ ಹನ್ನೊಂದು ವರ್ಷದಿಂದ ನಾನು ಅನಾನಸ್ ಮಾರುತ್ತಿರುವ ಜಾಗ ಬೇರೆಯವರ ಪಾಲಾಗುತ್ತದೆ. ನಗರಸಭೆಯ ನೋಟಿಸು ಬಂದಾಗಿದೆ. ಇಂಥ ಹೊತ್ತಿನಲ್ಲಿ ತಮ್ಮ ಕ್ಷೇಮ ಸಮಾಚಾರ ವಿಚಾರಿಸುವಷ್ಟು ಪುರಸೊತ್ತು ನನಗಿಲ್ಲ, ಕ್ಷಮಿಸಬೇಕು.

ನನ್ನ ಹೆಸರು ನಬಿಂತು. ಕಾಂಗೋ ದೇಶದ ಬುಕಾವು ಊರಿನವಳು, ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರು ಬಿಟ್ಟ ಕಾರಣ ನನ್ನ ಕಡತದ ಹದಿನೇಳನೇ ಪುಟದಲ್ಲಿದೆ. ನೀವು ಅದನ್ನು ಓದಿದ್ದೀರೋ ಇಲ್ಲವೋ ತಿಳಿಯದು, ಇನ್ನೊಮ್ಮೆ ಬರೆಯಲು ನನಗೆ ಮನಸ್ಸಿಲ್ಲ. ಕಾಯಂ ವಾಸಕ್ಕೆ ಅರ್ಜಿ ಹಾಕಿ ಒಂಬತ್ತು ವರ್ಷ. ಕೇಳಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎನ್ನುತ್ತಾರೆ. ಒಂಬತ್ತು ವರ್ಷ ಪರಿಶೀಲಿಸುವಂಥದ್ದು ನನ್ನಲ್ಲಿ ಏನಿದೆ ಮಾನ್ಯರೇ? ನನ್ನ ಗಂಡ ಬಿಸಿಮ್ವಾ ಮದುವೆಗೆ ಮುಂಚೆ ಒಂದೇ ಒಂದು ಮಧ್ಯಾಹ್ನ ನನ್ನನ್ನು ಪರಿಶೀಲಿಸಿ ಒಪ್ಪಿಕೊಂಡ. ದುಡುಕಿದೆ ಎಂದು ಅವನು ಇವತ್ತಿನವರೆಗೂ ಹೇಳಿಲ್ಲ. ಹೇಳುವ ಧೈರ್ಯ ಇಲ್ಲದಿರುವುದು ಬೇರೆ ಮಾತು.

ಅರ್ಜಿ ಪರಿಶೀಲನೆಯಾಗುವ ತನಕ ನನ್ನಂಥವರಿಗೆ ನೀವು ಎರಡೆರಡು ವರ್ಷದ ಕಾರ್ಡು ಕೊಡುತ್ತೀರಿ. ಈ ದೇಶದಲ್ಲಿ ಇರಬಹುದು, ದುಡಿದು ತಿನ್ನಬಹುದು ಎಂದು ಅದರ ಬೆನ್ನಿಗೆ ಅಚ್ಚಾಗಿರುತ್ತದೆ. ಅದನ್ನು ನವೀಕರಿಸಲು ಬೇಕಾದದ್ದು ಹೆಬ್ಬೆಟ್ಟು. ನನ್ನ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ, ಎಲ್ಲ ಕಡೆ ಹೆಬ್ಬೆಟ್ಟು ಒತ್ತಿಯೇ ಬದುಕಿದಳು. ಮೊಮ್ಮಗಳು ತನ್ನ ಹಾಗೆ ಹೆಬ್ಬೆಟ್ಟು ಆಗಬಾರದೆಂದು ಎರಡು ಮೇಕೆ ಮಾರಿ ನನ್ನನ್ನು ಶಾಲೆಗೆ ಹಾಕಿದಳು. ಇವತ್ತು ನಾನು ನಾಲ್ಕು ಭಾಷೆಗಳಲ್ಲಿ ನಿಮಗೆ ಪತ್ರ ಬರೆಯಬಲ್ಲೆ. ನಿಮ್ಮ ಕಚೇರಿಗೆ ಮಾತ್ರ ಅಜ್ಜಿಯ ವಿದ್ಯೆಯೇ ಸಾಕಾಗಿದೆ, ಮತ್ತು ನನ್ನ ಹತ್ತಿರ ಇಲ್ಲದಿರುವುದೂ ಅದೊಂದೇ.

ಯಾಕೆ ಇಲ್ಲ ಎನ್ನುವುದನ್ನು ಹೇಳುತ್ತೇನೆ. ನಿಮ್ಮ ಮೇಜಿನ ತನಕ ಅನಾನಸ್ ಹೆಚ್ಚಿದ ಹೋಳಾಗಿಯೇ ಬರುವುದರಿಂದ ನಿಮಗೆ ಇದು ಗೊತ್ತಿರಲಾರದು. ಅನಾನಸ್ಸಿನ ರಸ ಚರ್ಮವನ್ನು ತಿನ್ನುತ್ತದೆ. ಉತ್ತರದ ತೋಟಗಳಿಂದ ಬರುವ ಸಣ್ಣ ಹಳದಿ ಹಣ್ಣು, ದಿನಕ್ಕೆ ಅರವತ್ತು. ಮುಳ್ಳು ಸವರಿ, ಸುತ್ತಲೂ ಕಣ್ಣು ತೆಗೆದು, ಉದ್ದಕ್ಕೆ ನಾಲ್ಕು ಸೀಳು ಮಾಡಿ, ಕಡ್ಡಿ ಚುಚ್ಚಿ, ಉಪ್ಪು ಖಾರದ ಪುಡಿಯಲ್ಲಿ ಹೊರಳಿಸಿ ಕೊಡಬೇಕು. ಹನ್ನೊಂದು ವರ್ಷ ಹೀಗೆ ಮಾಡಿದವಳ ಬೆರಳ ತುದಿಯಲ್ಲಿ ಗೆರೆ, ಸುಳಿ ಏನೂ ಉಳಿದಿರುವುದಿಲ್ಲ, ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಹಾಗೆ ನುಣ್ಣಗಿರುತ್ತದೆ. ಕೈಗವಸು ಹಾಕಿಕೊಳ್ಳಬಾರದಿತ್ತೇ ಎಂದು ಕೇಳುತ್ತೀರಿ. ಹಾಕಿದ್ದೆ. ಚಾಕು ಜಾರಿ ಹೆಬ್ಬೆರಳಿಗೆ ಎರಡು ಹೊಲಿಗೆ ಬಿತ್ತು. ಗವಸು ನೋಡಿ, ಇವಳಿಗೆ ಏನೋ ರೋಗ ಇರಬೇಕೆಂದು ಗಿರಾಕಿಗಳೂ ದೂರ ನಿಂತರು.

ಹಿಂದಿನ ಸಲಗಳಲ್ಲಿ ನಿಮ್ಮ ಹಳೆಯ ಯಂತ್ರ ಹೇಗೋ ಒಪ್ಪಿಕೊಳ್ಳುತ್ತಿತ್ತು, ಪಾಪ, ಅದಕ್ಕೂ ಕಣ್ಣು ಮಂಜಾಗಿತ್ತು. ಈ ವರ್ಷ ಹೊಸದು ಬಂದಿದೆ. ಮಾರ್ಚಿನಲ್ಲಿ ಹೋದಾಗ ನಾಲ್ಕನೇ ಕಿಟಕಿಯ ಹೆಂಗಸು ನನ್ನ ಹತ್ತೂ ಬೆರಳನ್ನು ಒಂದೊಂದಾಗಿ ಗಾಜಿನ ಮೇಲೆ ಒತ್ತಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದರು. ತಮ್ಮ ತಲೆಗೂದಲ ಎಣ್ಣೆ ಸವರಿ ಒತ್ತಿಸಿದರು. ಕೆಂಪು ದೀಪ ಹಸಿರಾಗಲಿಲ್ಲ.

“ಅಮ್ಮಾ, ನಿಮಗೆ ಬೆರಳೇ ಇಲ್ಲ ಅಂತಿದೆ ಇದು,” ಎಂದರು.

“ಹತ್ತಿದೆ, ಎಣಿಸ್ಕೊಳಿ,” ಎಂದೆ.

“ನಂಗೆ ಕಾಣತ್ತೆ ಅಮ್ಮ. ಅದಕ್ಕೆ ಕಾಣ್ಬೇಕಲ್ಲ. ಒಂದು ಕೆಲಸ ಮಾಡಿ, ಎಂಟು ವಾರ ಕೈಗೆ ರೆಸ್ಟ್ ಕೊಡಿ. ಹಣ್ಣು, ನೀರು, ಸೋಪು ಏನೂ ಮುಟ್ಟಬೇಡಿ. ಗೆರೆ ವಾಪಸ್ ಬರತ್ತೆ. ಆಮೇಲೆ ಬನ್ನಿ.”

ಅಂದರೆ, ಕೆಲಸ ಮಾಡಲು ಅನುಮತಿ ಬೇಕಾದರೆ ಮೊದಲು ಕೆಲಸ ಬಿಡಬೇಕು. ಈ ನಿಯಮವನ್ನು ಯಾರು ಬರೆದರೋ, ಅವರ ಬೆರಳುಗಳು ಬಹಳ ಸೊಗಸಾಗಿರಬೇಕು.

ಎಂಟು ವಾರ ನಾನು ಕೈಕಟ್ಟಿ ಕೂತೆ ಮಾನ್ಯರೇ. ಮನೆಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಬಿಸಿಮ್ವಾ ಹಗಲಿಡೀ ಅಂಗಡಿಗಳ ಮುಂದೆ ಬೇರೆಯವರ ಕಾರು ಕಾಯುವವನು. ಸಂಜೆ ಬಂದು ಪಾತ್ರೆ ತೊಳೆದ, ಬಟ್ಟೆ ಒಗೆದ, ಮರಗೆಣಸಿನ ಸೊಪ್ಪು ಕುಟ್ಟಿದ, ಬುಗಾಲಿ ಮುದ್ದೆ ತೊಳಸಿದ. ಮೊದಲ ವಾರದ ಮುದ್ದೆಯಲ್ಲಿ ಗಂಟುಗಳೇ ಹೆಚ್ಚಿದ್ದವು. ನಾನು ಬಾಯಿ ತೆರೆಯುವ ಮುಂಚೆಯೇ ಅವನು, “ನಬಿಂತು, ಬೆರಳಿಗೆ ರೆಸ್ಟ್ ಕೊಟ್ಟಿದ್ಯಲ್ಲ, ನಾಲಿಗೆಗೂ ಸ್ವಲ್ಪ ಕೊಡು,” ಎಂದ. ದಿನವೂ ಊಟವಾದ ಮೇಲೆ ಮೊಬೈಲಿನ ಬೆಳಕು ಬಿಟ್ಟು ನನ್ನ ಬೆರಳ ತುದಿಗಳನ್ನು ತಪಾಸಣೆ ಮಾಡುತ್ತಿದ್ದ. ನಮ್ಮ ಕಟ್ಟಡದವರೆಲ್ಲ ಬಂದು ನೋಡಿ ಹೋದರು. ಒಬ್ಬಳು ವ್ಯಾಸಲೀನ್ ಹಚ್ಚು ಎಂದರೆ ಇನ್ನೊಬ್ಬಳು ಹಚ್ಚಲೇಬೇಡ ಎಂದಳು. ಭಾನುವಾರ ಪಾದ್ರಿಗಳು ರೋಗಿಗಳಿಗಾಗಿ, ಪ್ರಯಾಣದಲ್ಲಿರುವವರಿಗಾಗಿ, ನಬಿಂತುವಿನ ಹತ್ತು ಬೆರಳುಗಳಿಗಾಗಿ ಪ್ರಾರ್ಥನೆ ಮಾಡಿಸಿದರು. ದೇವರಿಗೆ ನನ್ನ ಗುರುತು ಹತ್ತಿತು, ಯಂತ್ರವಿಲ್ಲದೆ.

ಆದರೆ ಜಾಗವನ್ನು ಎಂಟು ವಾರ ಖಾಲಿ ಬಿಟ್ಟರೆ ಅದೂ ಹೋಗುತ್ತದೆ. ಅದನ್ನು ಉಳಿಸಿದವರು ಗುಮೆಡೆ ಅಜ್ಜಿ. ಸೇತುವೆಯ ಕೆಳಗೆ ನನ್ನ ಪಕ್ಕದಲ್ಲಿ ಜೋಳ ಸುಟ್ಟು ಮಾರುವವರು, ಇದೇ ಊರಿನ ಜುಲು ಹೆಂಗಸು, ವಯಸ್ಸು ಎಪ್ಪತ್ತೆರಡು. ಮೊದಲ ವರ್ಷ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ನನ್ನ ಹಣ್ಣಿನ ಸಿಪ್ಪೆಗೆ ನೊಣ ಬರುತ್ತದೆಂದು ದಿನಾ ಜಗಳ. ಈಗ ನನ್ನ ಚಾಕು ಕಿತ್ತುಕೊಂಡರು.

“ನಿನ್ನ ಬೆರಳು ಬೆಳೆಯೋ ತನಕ ನಾನು ಹೆಚ್ತೀನಿ, ನೀನು ಕೂತು ಗಿರಾಕಿ ಕರಿ,” ಎಂದರು.

“ಅಜ್ಜೀ, ನಿಮ್ಮ ಜೋಳ?”

“ಜೋಳ ಅದರ ಪಾಡಿಗೆ ಅದು ಬೇಯತ್ತೆ. ನಿನ್ನ ಹಾಗೆ ಕಚೇರಿ ಸುತ್ತಬೇಕಾ ಅದು?”

ಎಂಟು ವಾರ ಮುಗಿಯಿತು. ನಿಜವಾಗಿಯೂ ಗೆರೆಗಳು ಬಂದವು. ಹದಿನೈದರ ಹುಡುಗಿಯ ಬೆರಳ ಹಾಗೆ ಸ್ಪಷ್ಟವಾದ ಸುಳಿಗಳು. ಬಿಸಿಮ್ವಾ ಅದನ್ನು ನೋಡಿ ನನ್ನನ್ನು ಹೊಸದಾಗಿ ಕಟ್ಟಿಕೊಂಡ ಹಾಗೆ ಕುಣಿದ. ಮಂಗಳವಾರ ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಎರಡೂ ಕೈಯನ್ನು ಶಾಲಿನಲ್ಲಿ ಸುತ್ತಿಕೊಂಡು ನಿಮ್ಮ ಕಚೇರಿಗೆ ಬಂದೆ. ನಾಲ್ಕನೇ ಕಿಟಕಿಯಲ್ಲಿ ಅದೇ ಹೆಂಗಸು. ಬೆರಳಿಟ್ಟೆ. ಹಸಿರು ದೀಪ ಹತ್ತಿತು. ನಾವಿಬ್ಬರೂ ನಕ್ಕೆವು. ಆಮೇಲೆ ಅವರು ಪರದೆ ನೋಡಿ ನಗು ನಿಲ್ಲಿಸಿದರು.

“ಬೆರಳು ಬಂತು ಅಮ್ಮ. ಆದ್ರೆ ಇದು ನಿಮ್ಮದಲ್ಲ ಅಂತಿದೆ.”

“ಮತ್ತೆ ಯಾರದ್ದಂತೆ?”

“ಯಾರದ್ದೋ. ರೆಕಾರ್ಡಲ್ಲಿರೋ ನಬಿಂತುದಲ್ಲ.”

ನಡೆದದ್ದು ಇಷ್ಟು. ಎಂಟು ವರ್ಷದ ಹಿಂದೆ ನೀವು ಮೊದಲ ಸಲ ನನ್ನ ಅಚ್ಚು ತೆಗೆದುಕೊಂಡಾಗ ಅನಾನಸ್ ಆಗಲೇ ಮೂರು ವರ್ಷ ನನ್ನ ಕೈ ತಿಂದಿತ್ತು. ನಿಮ್ಮ ಹಳೆಯ ಯಂತ್ರ ಒಂದು ಕಲೆಯನ್ನು ನನ್ನ ಗುರುತೆಂದು ಬರೆದಿಟ್ಟುಕೊಂಡಿದೆ. ಈಗ ನನ್ನ ಸ್ವಂತ, ಹುಟ್ಟಿದಾಗಿನ ಬೆರಳು ತಂದು ತೋರಿಸಿದರೆ, ಆ ಕಲೆಗೆ ಹೊಂದುತ್ತಿಲ್ಲ, ನೀನು ವಂಚಕಿ ಎನ್ನುತ್ತದೆ.

“ಈಗ ಏನ್ ಮಾಡ್ಲಿ ಹೇಳಿ,” ಎಂದೆ.

“ಮುಂಚಿನ ಥರ ಸವೆಯೋ ತನಕ ಹಣ್ಣು ಹೆಚ್ಚಿ ನೋಡ್ತೀರಾ?”

“ಅದಕ್ಕೆ ಎರಡು ತಿಂಗಳು ಬೇಕು. ಕಾರ್ಡು ಮೂವತ್ತಕ್ಕೆ ಮುಗಿಯತ್ತೆ.”

ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಕೆಟ್ಟ ಹೆಂಗಸಲ್ಲ, ನನಗೆ ಅವರ ಮೇಲೆ ಸಿಟ್ಟಿಲ್ಲ. “ನೀವೇ ಅಂತ ನಂಗೆ ಗೊತ್ತಮ್ಮ. ವಾರಕ್ಕೆ ಮೂರು ಸಲ ನಿಮ್ಮತ್ರ ತಿಂತೀನಿ, ಖಾರ ಜಾಸ್ತಿ ಹಾಕಿಸ್ಕೊಂಡು. ಆದ್ರೆ ನಂಗೆ ಗೊತ್ತಿರೋದನ್ನ ಟೈಪ್ ಮಾಡಕ್ಕೆ ಇದ್ರಲ್ಲಿ ಜಾಗ ಇಲ್ಲ,” ಎಂದರು. ನಾನು ಶಾಲು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಅತ್ತೆ. ಹದಿನಾಲ್ಕು ವರ್ಷದಲ್ಲಿ ನನಗೆ ನಿಮ್ಮ ಕಚೇರಿಯ ಮೇಲೆ ಸಿಟ್ಟು ಬಂದದ್ದು ಎಷ್ಟೋ ಸಲ, ಭಯವಾದದ್ದು ಇದೇ ಮೊದಲು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿರಲಿಲ್ಲ, ಎಂದಿನಂತೆ ನಿಮ್ಮ ಪೆಟ್ಟಿಗೆಗೆ ಹಾಕಿ ಸುಮ್ಮನಿರುತ್ತಿದ್ದೆ. ಶುಕ್ರವಾರ ಗುಮೆಡೆ ಅಜ್ಜಿ ತಮ್ಮ ವೃದ್ಧಾಪ್ಯ ಪಿಂಚಣಿ ತರಲು ಹೋದರು. ಅಲ್ಲಿಯೂ ಒಂದು ಸೋಪಿನ ಡಬ್ಬಿ ಇದೆ. ಅಜ್ಜಿ ಬೆರಳಿಟ್ಟರು. ಕೆಂಪು ದೀಪ. ಒರೆಸಿ ಇಟ್ಟರು, ಮತ್ತೆ ಕೆಂಪು. ಎಂಟು ವಾರ ನನ್ನ ಅನಾನಸ್ ಹೆಚ್ಚಿದ್ದರಲ್ಲ.

ಈ ಸುದ್ದಿ ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳ್ಳೆಯದು ಮಾಡಲು ಬಂದವರ ಕೈಯನ್ನೂ ನಾನೇ ಹಾಳು ಮಾಡಿದೆನಲ್ಲ ಎಂದು ಅಜ್ಜಿಯ ಕಾಲು ಹಿಡಿಯಲು ಹೋದೆ. ಅಜ್ಜಿ ಜೋಳ ತಿರುಗಿಸುತ್ತಾ, “ಏಳೇ ಮೇಲೆ. ದುಡ್ಡು ತಗೊಂಡೇ ಬಂದೆ ನಾನು,” ಎಂದರು.

“ಹೇಗೆ ಅಜ್ಜೀ?”

“ಆ ಹುಡುಗಿಗೆ ಹೇಳ್ದೆ, ನಿನ್ನ ಡಬ್ಬಿಗೆ ನಾನು ಕಾಣದೆ ಇರಬಹುದು ಕಣಮ್ಮ, ನಿನಗೆ ಕಾಣ್ತಿದೀನಲ್ಲ ಅಂತ. ನಕ್ಕಳು. ಒಂದು ಹಳದಿ ಹಾಳೆ ತೆಗೆದಳು. ನನ್ನ ಗೊತ್ತಿರೋರು ಒಬ್ಬರು ಸಹಿ ಹಾಕಬೇಕು ಅಂದಳು, ಸಾಲಲ್ಲಿದ್ದ ನಮ್ಮ ಬೀದಿಯವನೊಬ್ಬ ಹಾಕ್ದ. ಅವಳೂ ಹಾಕಿದಳು. ಮುಗೀತು, ಹತ್ತು ನಿಮಿಷ.” ಆಮೇಲೆ ನನ್ನ ಮುಖ ನೋಡಿ ಕೇಳಿದರು: “ನಿನಗೆ ಯಾಕೆ ಆ ಹಾಳೆ ಕೊಡ್ಲಿಲ್ಲ?”

ಅದನ್ನೇ ಕೇಳಲು ಅವತ್ತೇ ಮಧ್ಯಾಹ್ನ ನಿಮ್ಮ ಕಚೇರಿಗೆ ಓಡಿದೆ. ನಾಲ್ಕನೇ ಕಿಟಕಿಯವರು ಹಿಂದಿನ ಬೀರು ತೆರೆದು ಒಂದು ಕಟ್ಟು ಹಳದಿ ಹಾಳೆ ತಂದರು. ಅದು ನಿಮ್ಮಲ್ಲೂ ಇದೆ ಮಾನ್ಯರೇ. ‘ಬೆರಳಚ್ಚು ದೊರೆಯದವರ ನಮೂನೆ’. ಪರಿಚಿತರ ಸಹಿ, ಅಧಿಕಾರಿಯ ಸಹಿ, ಅಷ್ಟೇ. ಮೇಲ್ಗಡೆ ಒಂದು ಸಾಲು ಅಚ್ಚಾಗಿದೆ: ‘ನಾಗರಿಕರ ಉಪಯೋಗಕ್ಕೆ ಮಾತ್ರ’. ಅವರು ಅದನ್ನು ಬೆರಳಿಟ್ಟು ತೋರಿಸಿದರು.

ಒಂದೇ ಹಲಗೆ, ಒಂದೇ ಚಾಕು, ಒಂದೇ ಹಣ್ಣು. ಇಬ್ಬರು ಹೆಂಗಸರ ಬೆರಳು ಸವೆಯಿತು. ಒಬ್ಬರ ಮುಖ ನೋಡಿ ಗುರುತು ಹಿಡಿಯಲು ಸರ್ಕಾರಕ್ಕೆ ಹತ್ತು ನಿಮಿಷ ಸಾಕಾಯಿತು. ಇನ್ನೊಬ್ಬಳ ಮುಖ ನೋಡಲು ಹದಿನಾಲ್ಕು ವರ್ಷ ಸಾಲದೇ? ಕಾಯಂ ವಾಸ ಕೊಡಿ ಎಂದು ನಾನಿವತ್ತು ಕೇಳುತ್ತಿಲ್ಲ, ಅದನ್ನು ನೀವು ಸಾವಕಾಶವಾಗಿ ಪರಿಶೀಲಿಸುತ್ತಿರಿ. ನಾನು ಕೇಳುತ್ತಿರುವುದು ಒಂದು ಹಾಳೆ. ಆ ಒಂದು ಸಾಲನ್ನು ನಿಮ್ಮ ಜೇಬಿನ ಪೆನ್ನಿನಿಂದ ಹೊಡೆದುಹಾಕಿ, ಬೆರಳು ಸವೆದ ಎಲ್ಲರಿಗೂ, ಗಾರೆ ಕೆಲಸದವರಿಗೆ, ಬಟ್ಟೆ ಒಗೆಯುವವರಿಗೆ, ಮೀನು ಸೀಳುವವರಿಗೆ, ಅದು ಸಿಗುವಂತೆ ಮೂವತ್ತರೊಳಗೆ ಆದೇಶ ಹೊರಡಿಸಬೇಕು. ಪರಿಚಿತರ ಸಹಿ ಹಾಕಲು ಗುಮೆಡೆ ಅಜ್ಜಿ ಸೋಮವಾರ ತಮ್ಮ ಮಣೆ ಸಮೇತ ನಿಮ್ಮ ಕಚೇರಿಗೆ ಬಂದು ಕೂರುತ್ತಾರೆ. ಸಹಿ ಆಗುವ ತನಕ ಏಳುವುದಿಲ್ಲವಂತೆ. ಸೇತುವೆಯ ಕೆಳಗಿಂದ ಅವರನ್ನು ಎಬ್ಬಿಸುವ ಶಕ್ತಿ ನಗರಸಭೆಗೂ ಇರಲಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತಂದಿದ್ದೇನೆ.

ಮಂಗಳವಾರದಿಂದ ನಾನು ಮತ್ತೆ ಚಾಕು ಹಿಡಿದಿದ್ದೇನೆ, ಗೆರೆಗಳು ಆಗಲೇ ಮಸುಕಾಗುತ್ತಿವೆ. ಈ ಪತ್ರದ ಕೊನೆಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದೇವೆ. ಒಂದು ನಾಗರಿಕರದು, ಇನ್ನೊಂದು ನನ್ನದು. ಯಾವುದು ಯಾರದೆಂದು ದಯವಿಟ್ಟು ನಿಮ್ಮ ಯಂತ್ರವನ್ನು ಕೇಳಿ ತಿಳಿಸಬೇಕು.

ಇಂತಿ,
ತಮ್ಮ ಕಡತದ ಪ್ರಕಾರ ತಾನಲ್ಲದ,
ಆದರೂ ನಾಳೆ ಬೆಳಿಗ್ಗೆ ಆರಕ್ಕೆ ಸೇತುವೆಯ ಕೆಳಗೆ ಇರುವ
ನಬಿಂತು