ಹಬ್ಬದ ಗುಡಿಸಲಿಗೆ ತಾರುಹಾಳೆ

ಬಾಯ್ಲ್ ಹೈಟ್ಸ್, ಲಾಸ್ ಏಂಜಲೀಸ್
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ತಮ್ಮ ಹಿರ್ಶ್‌ಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಮಂಡಿನೋವು ಹೇಗಿದೆ? ಕಾಗದ ತಡವಾಯಿತು, ಬೇಸರ ಪಡಬೇಡ. ಪರ್ಣಶಾಲೆ ಹಬ್ಬದ ಗಡಿಬಿಡಿ, ಅದರ ಮೇಲೆ ಈ ಮನೆಯ ಗೋಳು.

ನನ್ನ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ ಎಲೆಯುತೇರಿಯೊನನ್ನು, ವಲಸೆಯ ಕಾಗದಪತ್ರ ಇಲ್ಲವೆಂದು, ಕಳೆದ ತಿಂಗಳು ಮುಸುಕು ಹಾಕಿಕೊಂಡು ಬಂದ ಸರ್ಕಾರದವರು ಎಳೆದೊಯ್ದರು. ಹನ್ನೊಂದು ವರ್ಷ ನಮ್ಮ ಪ್ರಾರ್ಥನಾಮಂದಿರದ ಅಂಗಳದಲ್ಲಿ ತಾಳೆಗರಿ ಹೊದಿಸಿ ಹಬ್ಬದ ಗುಡಿಸಲು ಕಟ್ಟಿದವನು ಅವನೇ. ಈ ಸಲ ಬೇರೆ ಕಡೆಯವರನ್ನು ಕರೆಸೋಣ ಎಂದರು ಸಮಿತಿಯ ಹಿರಿಯರು. "ಯಹೂದಿಗಳಿಗೆ ನಮ್ಮ ತಲೆನೋವೇ ಸಾಕಾಗಿದೆ. ಮೆಕ್ಸಿಕೋದವರ ಗಲಾಟೆ ಯಾಕೆ ಮೈಮೇಲೆ ಎಳ್ಕೋಬೇಕು, ಫ್ರೂಮಾ?" ನನಗೆ ಮೈಯೆಲ್ಲ ಉರಿಯಿತು. "ನಿಮ್ಮಜ್ಜ ಹಡಗಿಳಿದಾಗ ಕೈಲಿ ಯಾವ ಕಾಗದಪತ್ರ ಇತ್ತು, ತೋರ್ಸಿ ನೋಡೋಣ" ಎಂದೆ. "ನಿನ್ನಿಷ್ಟ" ಎಂದು ಎದ್ದು ಹೋದರು.

ಎಲೆಯುತೇರಿಯೊನ ಹೆಂಡತಿ ಒರ್ಟೆನ್ಸಿಯಾ ಅವನ ಜೊತೆಗಾರರನ್ನು ಕರೆತಂದಳು. ಎಲ್ಲರೂ ಚಾವಣಿ ಕೆಲಸದವರು. ಪಾಪ, ನಾವು ಮಳೆಗೆ ನೆನೆಯಬಾರದೆಂದು ಗರಿಗಳ ಮೇಲೆ ಡಾಂಬರು ಬಳಿದ ತಾರುಹಾಳೆ ಹೊದಿಸಿ, ಒಂದು ಹನಿಯೂ ಸೋರದಂತೆ ಮೊಳೆ ಜಡಿದುಬಿಟ್ಟರು! ರಬ್ಬಿ ತಲೆಯೆತ್ತಿ ನೋಡಿ, "ಅಯ್ಯೋ, ಒಳಗಿಂದ ನಕ್ಷತ್ರ ಕಾಣ್ಬೇಕು ಅನ್ನೋದೇ ನಿಯಮ ಕಣ್ರಪ್ಪಾ!" ಎಂದರು. ಒರ್ಟೆನ್ಸಿಯಾ ಸೊಂಟಕ್ಕೆ ಕೈಯಿಟ್ಟು, "ಸೋರೋ ಮನೇನೇ ದೇವರಿಗಿಷ್ಟ ಅಂದ್ರೆ ನಮ್ಮ ಬೀದೀಗೇ ಬಂದಿರ್ಲಿ ಬಿಡಿ" ಎಂದು ನಕ್ಕಳು. ಗಂಡ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮೊನ್ನೆ ಗುಡಿಸಲಲ್ಲಿ ನಾವೂ ಒರ್ಟೆನ್ಸಿಯಾ ಮತ್ತು ಚಾವಣಿಯವರೂ ಸೇರಿ ಉಣ್ಣುತ್ತಿದ್ದಾಗ ಮುಸುಕಿನವರು ಗೇಟಿಗೇ ಬಂದರು. ಬೇಡವೆಂದಿದ್ದ ಹಿರಿಯರೇ ಎದ್ದು ಬಂದು, ಗೇಟಿಗೆ ಅಡ್ಡ ನಿಂತಿದ್ದ ನನ್ನ ತೋಳಿಗೆ ತೋಳು ಹೆಣೆದು ನಿಂತರು. "ಒಳಗಿರೋರೆಲ್ಲ ನಮ್ಮ ಅತಿಥಿಗಳು. ಜಡ್ಜ್ ಸಹಿ ಮಾಡಿದ ವಾರಂಟ್ ಇದ್ರೆ ತೋರ್ಸಿ, ಇಲ್ದಿದ್ರೆ ಬಂದ ದಾರಿ ಹಿಡೀರಿ" ಎಂದೆ. ಎಪ್ಪತ್ತೆಂಟರ ಮುದುಕಿಯನ್ನು ದಬ್ಬುವ ಧೈರ್ಯ ಅವರಿಗೆ ಬರಲಿಲ್ಲ, ಹಿಂದಿರುಗಿದರು. ಗುರುವಾರ ಎಲೆಯುತೇರಿಯೊನ ವಿಚಾರಣೆ. ಎರಡು ಬಸ್ಸು ತುಂಬ ಕೋರ್ಟಿಗೆ ಹೊರಡುತ್ತಿದ್ದೇವೆ, ಅವನ ಕಡೆಯವರೂ ನಾವೂ. ಅವನನ್ನು ಬಿಡಿಸಿಕೊಂಡೇ ಬರುತ್ತೇವೆ.

ದೇವರು ನಿನಗೆ ಆಯುರಾರೋಗ್ಯ ಕೊಡಲಿ, ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಫ್ರೂಮಾ

ತಾ.ಕ.: ಪ್ರಾಯಶ್ಚಿತ್ತದ ಉಪವಾಸದ ಹಿಂದಿನ ದಿನ ಫೋನ್ ಮಾಡಿ, "ಎಲೆಯುತೇರಿಯೊ ಮೇಲೆ ದೂರು ಕೊಟ್ಟಿದ್ದು ನಾನೇ ಅಕ್ಕಾ, ನಿನ್ನ ಒಳ್ಳೇದಕ್ಕೇ. ಕ್ಷಮಿಸಿಬಿಡು" ಎಂದೆಯಲ್ಲ. ನಾನು ಮಾತಾಡದೆ ಫೋನ್ ಇಟ್ಟೆ. ನಮ್ಮ ಧರ್ಮ ನಿನಗೂ ಗೊತ್ತು: ಅನ್ಯಾಯ ಯಾರಿಗಾಯಿತೋ ಕ್ಷಮೆಯನ್ನು ಅವರಲ್ಲೇ ಕೇಳಬೇಕು. ಒರ್ಟೆನ್ಸಿಯಾಗೆ ನಾನಿನ್ನೂ ಹೇಳಿಲ್ಲ. ಗುರುವಾರದೊಳಗೆ ಬಾ, ನೀನೇ ಹೇಳು. ಬರದಿದ್ದರೆ ನಾನೇ ಹೇಳುತ್ತೇನೆ, ಎತ್ತಿ ಆಡಿಸಿದ ತಮ್ಮನ ಹೆಸರು ಹಿಡಿದು. ದಿನವೂ ಬೆಳಗ್ಗೆ ನನಗೆ ಕಾಫಿ ತಂದುಕೊಡುವವಳು ಅವಳು.