ಬಿಸಾಕ್ರೀ!

ಮಾರ್ಚ್ ೮, ಶನಿವಾರ

ಆ ಕೂಗು ಇನ್ನೂ ಕಿವಿಯಿಂದ ಹೋಗಿಲ್ಲ.

ಈ ನೆಲ್ಸನ್ ಊರಿನ ನಮ್ಮ ಬೇಸ್‌ಬಾಲ್ ತಂಡ ಎಷ್ಟೋ ವರ್ಷಗಳ ಹಿಂದೆ ಬದುಕಿದ್ದು ಎರಡೇ ಬೇಸಿಗೆ. ಆ ಆಟದಲ್ಲಿ ಚೆಂಡು ಹೊಡೆದವನು ಬ್ಯಾಟ್ ಬಿಟ್ಟು ಓಡಬೇಕು. ನಾನೋ ಕ್ರಿಕೆಟ್ಟಿನವನು, ಹಿಡಿದೇ ಓಡುತ್ತಿದ್ದೆ. "ಅಯ್ಯೋ, ಬಿಸಾಕ್ರೀ ಅದನ್ನ!" ಎಂದು ನನ್ನ ಹೆಂಡತಿ ಚಂಪಾ ಮೈದಾನದ ಹೊರಗಿನಿಂದ ಕಿರುಚುತ್ತಿದ್ದಳು. ಕನ್ನಡ ಬಾರದ ಇಡೀ ತಂಡ ಅರ್ಥ ಗೊತ್ತಿಲ್ಲದೆಯೇ ಅದನ್ನು ಕಲಿತು, ಯಾರು ಹೊಡೆದರೂ "ಬಿಸಾಕ್ರೀ!" ಎನ್ನತೊಡಗಿತು. ಆಮೇಲೆ ಆಡುವವರೇ ಸಾಲದೆ ತಂಡ ನಿಂತುಹೋಯಿತು.

ಇವತ್ತು ಸಂತೆಯಲ್ಲಿ ಸೇಬಿನ ರಾಶಿಯಾಚೆಯಿಂದ ಯಾರೋ "ಬಿಸಾಕ್ರೀ!" ಎಂದು ಕೂಗಿದರು. ಚೆಂಡೆಸೆಯುತ್ತಿದ್ದ ನಮ್ಮ ಪಿಚರ್ ಕ್ರೇಗ್! ತಲೆ ನರೆತಿದೆ, ನನ್ನ ಹೆಸರು ಮರೆತಿದ್ದಾನೆ. ನನ್ನ ಕೈಚೀಲ ತಾನಾಗಿ ಬಿತ್ತು. ಅದರೊಳಗಿನ ಸೇಬುಗಳು ಬಿಸಿಲಲ್ಲಿ ನಿಧಾನವಾಗಿ ಉರುಳಿದವು.

"ಅಂತೂ ಬಿಸಾಕಿದ್ರಲ್ಲ," ಎಂದಳು ಚಂಪಾ, ಹೆಕ್ಕುತ್ತ.

ಕಣ್ಣು ಮುಚ್ಚಿದರೆ ಆ ಇಳಿಬಿಸಿಲಿನ ಮೈದಾನ. ಖಾಲಿ ಕೈಯಲ್ಲಿ ಎಷ್ಟು ಹಗುರವಾಗಿ ಓಡುತ್ತಿದ್ದೇನೆ, ಎಲ್ಲರೂ ಕೂಗುತ್ತಿದ್ದಾರೆ...